ಪ್ಯಾಕೇಜ್ ಬ್ಯಾಕ್‌ಲಿಂಕಾ, ಕೇಳಿ ಪಡೆದ ಲಿಂಕಾ? ಎರಡೂ ಮಾಡಿ ನೋಡಿದೀನಿ

ಬ್ಯಾಕ್‌ಲಿಂಕು ಅಂದ್ರೆ ಬೇರೆಯೋರ ಸೈಟಿಂದ ನಮ್ ಸೈಟಿಗೆ ಬರೋ ಲಿಂಕು, ಗೂಗಲ್‌ನಲ್ಲಿ ಮೇಲೆ ಬರೋಕೆ ಅಂತ ಮಾಡಿಸ್ಕೊಳೋದು. ಮೊದ್ಲೇ ಹೇಳ್ಬಿಡ್ತೀನಿ, ನನ್ ಓಟು ಕೇಳಿ ಪಡೆದ ಲಿಂಕಿಗೆ. ದುಡ್ಡು ಕೊಟ್ಟು 500 ಲಿಂಕು ತಗೊಂಡು, ಒಂದು ಸೀಸನ್ ಕಳ್ಕೊಂಡ್ಮೇಲೆ ಬರೀತಿದೀನಿ.

ದಾವಣಗೆರೇಲಿ ನಮ್ದು ಅಡಿಕೆ ಸುಲಿಯೋ ಮಷಿನ್ ವರ್ಕ್‌ಶಾಪು. ಗಿರಾಕಿಗಳು ಹೆಚ್ಚಿಗೆ ಚನ್ನಗಿರಿ, ಹೊನ್ನಾಳಿ ಕಡೆಯೋರು. ಈಗ ತೋಟದ ಮನೆ ಹುಡುಗ್ರು ಮೊಬೈಲಲ್ಲಿ ಹುಡುಕಿ ಆಮೇಲೇ ಫೋನ್ ಮಾಡೋದು, ನಮ್ ಸೈಟು ನೋಡಿದ್ರೆ ಗೂಗಲ್‌ನಲ್ಲಿ ಮೂರನೇ ಪೇಜಲ್ಲಿತ್ತು, ಅದಕ್ಕೇ ಹೋದ್ವರ್ಷ ಒಂದು ಏಜೆನ್ಸಿಗೆ 6,500 ರೂಪಾಯಿ ಕೊಟ್ಟೆ. "ಡಿಎ 50ರ ಮೇಲಿರೋ ಸೈಟುಗಳಿಂದ ಲಿಂಕು, ಮೂರೇ ತಿಂಗಳಲ್ಲಿ ಫಸ್ಟ್ ಪೇಜು ಸರ್" ಅಂದ್ರು. ಈ ಡಿಎ, ಅಂದ್ರೆ ಡೊಮೇನ್ ಅಥಾರಿಟಿ, ಗೂಗಲ್ ಕೊಡೋ ಮಾರ್ಕ್ಸ್ ಅಲ್ವೇ ಅಲ್ಲ, ಮೋಜ್ ಅನ್ನೋ ಕಂಪನಿ ತನ್ ಲೆಕ್ಕಕ್ಕೆ ಹಾಕೋ ನಂಬರು ಅಂತ ಆಗ ನಂಗೆ ಗೊತ್ತಿರ್ಲಿಲ್ಲ.

ಮೊದಲನೇ ತಿಂಗಳು ಒಂಚೂರು ಮೇಲೆ ಬಂತು. ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟಿನ ಮಾಲೀಕರಿಗೆ ಗೂಗಲ್ ಕೊಡೋ ಟೂಲು) ಮೆಸೇಜು, ಮ್ಯಾನುಯಲ್ ಆಕ್ಷನ್, ಅಂದ್ರೆ ಗೂಗಲ್‌ನೋರೇ ನೋಡಿ ಹಾಕೋ ದಂಡ, ನಿಮ್ಮ ಸೈಟಿಗೆ ಅಸಹಜ ಲಿಂಕುಗಳು ಬರ್ತಿವೆ ಅಂತ. ಲಿಂಕ್ಸ್ ರಿಪೋರ್ಟ್ ತೆಗೆದು ಒಂದೊಂದೇ ಪೇಜ್ ನೋಡ್ತಾ ಹೋದೆ: ಕ್ಯಾಸಿನೋ, ಸಾಲದ ಆಪ್, ಯಾವ್ದೋ ದೇಶದ ಔಷಧಿ ಅಂಗಡಿ, ಅದ್ರ ತಳದಲ್ಲಿ "ಅಡಿಕೆ ಸುಲಿಯುವ ಯಂತ್ರ" ಅಂತ ನಮ್ ಲಿಂಕು. ಎಲ್ಲಾ ಕಡೆ ಅದೇ ಮೂರು ಪದ, ಒಂದಕ್ಷರ ಆಚೀಚೆ ಇಲ್ಲ. ಗೂಗಲ್ 2012ರಲ್ಲಿ ಪೆಂಗ್ವಿನ್ ಅನ್ನೋ ಅಪ್‌ಡೇಟ್ ತಂದಿದ್ದೇ ಇಂಥದ್ದನ್ನ ಹಿಡಿಯೋಕೆ, 2016ರಲ್ಲಿ ಅದನ್ನ ಮುಖ್ಯ ಅಲ್ಗಾರಿದಮ್‌ಗೇ ಸೇರಿಸಿದ್ರು. ಇದೆಲ್ಲಾ ದುಡ್ಡು ಕೊಡೋಕ್ ಮುಂಚೆ ಓದ್ಬೇಕಿತ್ತು.

ನಿಜವಾದ ಕಾಟ ಶುರುವಾಗಿದ್ದು ಕ್ಲೀನ್ ಮಾಡೋಕೆ ಕೂತಾಗ. ಏಜೆನ್ಸಿಯೋರು ಫೋನ್ ಎತ್ತಲಿಲ್ಲ. ಸೈಟಿನವ್ರಿಗೆ ಮೇಲ್ ಹಾಕಿದ್ರೆ ಇಬ್ರು ತೆಗೆಯೋಕೂ ದುಡ್ಡು ಕೇಳಿದ್ರು. ಕೊನೆಗೆ ಡಿಸಾವೋ ಫೈಲ್ ಮಾಡ್ಬೇಕಾಯ್ತು, ಅಂದ್ರೆ ನೋಟ್‌ಪ್ಯಾಡಲ್ಲಿ ಸಾಲಿಗೊಂದು ಸೈಟಿನ ಹೆಸರು ಬರೆದು "ಈ ಲಿಂಕು ಲೆಕ್ಕಕ್ಕೆ ತಗೋಬೇಡಿ" ಅಂತ ಗೂಗಲ್‌ಗೆ ಕೊಡೋದು. ಅಪ್‌ಲೋಡ್ ಮಾಡೋಕ್ ಹೋದ್ರೆ ಪಟ್ಟೀಲಿ ನಮ್ ಸೈಟೇ ಇಲ್ಲ! ಎರಡು ಸಂಜೆ ತಲೆ ಕೆಡಿಸ್ಕೊಂಡ್ಮೇಲೆ ಗೊತ್ತಾಯ್ತು, ಸರ್ಚ್ ಕನ್ಸೋಲ್‌ಗೆ ಸೈಟನ್ನ ನಾವು ಡೊಮೇನ್ ಪ್ರಾಪರ್ಟಿ (ಇಡೀ ಡೊಮೇನ್ ಒಟ್ಟಿಗೆ) ಅಂತ ಸೇರಿಸಿದ್ವಿ, ಆ ಟೂಲು ಅದನ್ನ ತಗೊಳಲ್ಲ, ಯುಆರ್‌ಎಲ್ ಪ್ರಿಫಿಕ್ಸ್ (https ಸಮೇತ ಪೂರ್ತಿ ವಿಳಾಸ) ಅಂತ ಬೇರೆ ಪ್ರಾಪರ್ಟಿ ಮಾಡ್ಲೇಬೇಕು. ಮಾಡ್ದೆ, 180 ಸೈಟ್ ಹಾಕ್ದೆ. ವಾರದ ಮೇಲೆ ಇನ್ನೊಂದು 40 ಸಿಕ್ವು, ಅಷ್ಟನ್ನೇ ಹೊಸ ಫೈಲ್ ಮಾಡಿ ಹಾಕಿದೆ ನೋಡಿ, ಹಳೇ 180 ಅಳಿಸ್ಹೋಯ್ತು. ಹೊಸದು ಹಾಕಿದ್ರೆ ಹಳೇದರ ಜಾಗಕ್ಕೆ ಕೂರುತ್ತೆ, ಜೊತೆಗೆ ಸೇರಲ್ಲ. ಪೂರ್ತಿ ಪಟ್ಟಿ ಮತ್ತೆ ಕೊಟ್ಟು, ಮರುಪರಿಶೀಲನೆ ಅರ್ಜಿ ಹಾಕಿ, ಆ ಮ್ಯಾನುಯಲ್ ಆಕ್ಷನ್ ತೆರವಾಗೋ ಹೊತ್ತಿಗೆ ಹಸಿ ಅಡಿಕೆ ಕೊಯ್ಲು ಮುಗೀತಾ ಬಂದಿತ್ತು. ಆ ಸೀಸನ್‌ನಲ್ಲಿ ಸೈಟಿಂದ ಬಂದ ಫೋನು ನಾಕೋ ಐದೋ ಅಷ್ಟೇ.

ಇನ್ನು ಕೇಳಿ ಪಡೆದ ಲಿಂಕು. ಮೇಲ್ ಹಾಕೋದು ಬಿಟ್ಟು ಫೋನ್ ಮಾಡೋಕೆ ಶುರು ಮಾಡ್ದೆ. ನಾವು ಮೋಟಾರ್ ತಗೊಳೋ ಡೀಲರ್ ಅವ್ರ ಸೈಟಲ್ಲಿ ನಮ್ ಹೆಸರು ಹಾಕಿದ್ರು. ಕೃಷಿ ಮೇಳದಲ್ಲಿ ಸ್ಟಾಲ್ ಹಾಕಿದ್ವಲ್ಲ, ಆ ಪಟ್ಟೀಲಿ ಲಿಂಕು ಸೇರಿಸಿ ಅಂದೆ, ಸೇರಿಸಿದ್ರು. ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ನಾನೇ ಕೂತು ಬರೆದ ಒಂದು ಪೇಜು: ಹಸಿ ಅಡಿಕೆಗೆ ಬ್ಲೇಡ್ ಗ್ಯಾಪ್ ಹೆಂಗೆ ಇಡ್ಬೇಕು, ಚಾಲಿಗೆ (ಒಣಗಿಸಿದ ಹಣ್ಣಡಿಕೆ) ಯಾಕೆ ಬೇರೆ ಸೆಟ್ಟಿಂಗು, ಕಾಯಿ ಕಟ್ಟಾದ್ರೆ ಮೊದ್ಲು ಎಲ್ಲಿ ನೋಡ್ಬೇಕು, ಫೋಟೋ ಸಮೇತ. ಅದ್ರ ಲಿಂಕನ್ನ ಚನ್ನಗಿರಿ ಕಡೆಯ ಬೆಳೆಗಾರರೊಬ್ರು ತಾವಾಗೇ ತಮ್ ಬ್ಲಾಗಲ್ಲಿ ಹಾಕ್ಕೊಂಡ್ರು. ಲಿಂಕಿನ ಮೇಲೆ ಒಬ್ರು "ದಾವಣಗೆರೆ ಮಷಿನ್" ಅಂತ ಬರೀತಾರೆ, ಇನ್ನೊಬ್ರು ಬರೀ ನಮ್ ಅಂಗಡಿ ಹೆಸರು, ಹಂಗಿದ್ರೇನೇ ಸಹಜ. ಏಳು ತಿಂಗಳಲ್ಲಿ 11 ಲಿಂಕು, ಈಗ ಮೊದಲನೇ ಪೇಜಿನ ತಳಕ್ಕೆ ಬಂದಿದೀವಿ.

ಡೈರೆಕ್ಟರಿ ಲಿಸ್ಟಿಂಗು ಫ್ರೀ, ಹಾಕಿಡಿ. ಯೂಟ್ಯೂಬ್ ಡಿಸ್ಕ್ರಿಪ್ಷನ್ ಲಿಂಕು ನೋಫಾಲೋ, ಅಂದ್ರೆ ಲೆಕ್ಕಕ್ಕೆ ತಗೋಬೇಡಿ ಅಂತ ಗೂಗಲ್‌ಗೆ ಗುರುತು ಹಾಕಿರೋದು, ರ‍್ಯಾಂಕ್‌ಗಲ್ಲ, ಜನ ಬರ್ತಾರೆ ಅಷ್ಟೇ. ನ್ಯೂಸ್ ಪೋರ್ಟಲ್‌ಗೆ ದುಡ್ಡು ಕೊಟ್ಟು ಆರ್ಟಿಕಲ್ ಹಾಕ್ಸಿದ್ರೆ ಅದಕ್ಕೆ ಸ್ಪಾನ್ಸರ್ಡ್ ಅಂತ ಟ್ಯಾಗ್ ಇರ್ಬೇಕು, ಟ್ಯಾಗ್ ಇದ್ರೆ ರ‍್ಯಾಂಕ್ ಏರುತ್ತೆ ಅಂತ ಲೆಕ್ಕ ಹಾಕೋ ಹಾಗಿಲ್ಲ, ನನ್ ಬಜೆಟ್‌ಗೆ ಬೇಡ.

ತಿಂಗಳಿಗೆ ದೊಡ್ಡ ದುಡ್ಡು ಹಾಕೋ ಶಕ್ತಿ ನಂಗಿಲ್ಲ, ಆದ್ರೆ ಸಂಜೆ ಶಟರ್ ಎಳೆದ್ಮೇಲೆ ಒಂದು ಫೋನ್ ಮಾಡೋ ಟೈಮಿದೆ. ನಾಳೆ ಹೊನ್ನಾಳಿಯ ಒಬ್ರು ನರ್ಸರಿಯವ್ರಿಗೆ ಮಾಡೋದಿದೆ, ಅವ್ರ ಸೈಟಲ್ಲಿ ಕೊಯ್ಲಿನ ಬಗ್ಗೆ ಒಳ್ಳೇ ಪೇಜಿದೆ, ಸುಲಿಯೋದ್ರ ಬಗ್ಗೆ ಏನೂ ಇಲ್ಲ.