ಫೈನಾನ್ಸ್‌ನವರಿಗೆ ಆ್ಯಂಡ್ರೂ ಎಂಗ್ ಅವರ ಮಷೀನ್ ಲರ್ನಿಂಗ್ ಕೋರ್ಸ್: ಎಷ್ಟು ಸಾಕು, ಎಲ್ಲಿ ಸಾಲದು

ಬ್ಯಾಂಕಿನ ಕ್ರೆಡಿಟ್ ವಿಭಾಗದಲ್ಲೋ ಎನ್‌ಬಿಎಫ್‌ಸಿಯ (ಬ್ಯಾಂಕೇತರ ಹಣಕಾಸು ಸಂಸ್ಥೆ) ರಿಸ್ಕ್ ತಂಡದಲ್ಲೋ ಇರುವವರು ಮಷೀನ್ ಲರ್ನಿಂಗ್ (ಡೇಟಾ ನೋಡಿ ಕಂಪ್ಯೂಟರ್ ತಾನೇ ಊಹಿಸಲು ಕಲಿಯುವ ವಿಧಾನ) ಕಲಿಯಬೇಕೆಂದು ಹೊರಟರೆ ಸಾಮಾನ್ಯವಾಗಿ ಮೊದಲು ಸಿಗುವ ಸಲಹೆ ಆನ್‌ಲೈನ್ ಕಲಿಕಾ ತಾಣ ಕೋರ್ಸೆರಾದ ‘ಮಷೀನ್ ಲರ್ನಿಂಗ್ ಸ್ಪೆಷಲೈಸೇಶನ್’. ಆ್ಯಂಡ್ರೂ ಎಂಗ್ ಎಂಬ ಎಐ ವಿಜ್ಞಾನಿ ಪಾಠ ಮಾಡುವ ಈ ಸರಣಿಯನ್ನು ಸ್ಟ್ಯಾನ್‌ಫರ್ಡ್ ಆನ್‌ಲೈನ್ ಮತ್ತು ಡೀಪ್‌ಲರ್ನಿಂಗ್‌.ಎಐ 2022ರಲ್ಲಿ ಹೊರತಂದವು. ಮೂರು ಕೋರ್ಸ್, ಒಟ್ಟು 10 ವಾರಗಳ ಪಾಠ. ಹಳೆಯ ಆವೃತ್ತಿಯ ಆಕ್ಟೇವ್ ಪ್ರೋಗ್ರಾಮಿಂಗ್ ಭಾಷೆ ಹೋಗಿ ಪೈಥಾನ್ ಬಂದಿದೆ. ಲ್ಯಾಬ್‌ಗಳು ಬ್ರೌಸರ್‌ನಲ್ಲೇ ಓಡುವುದರಿಂದ ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಫೈನಾನ್ಸ್‌ನವರು ಇದನ್ನು ಕಲಿಯಲೇಬೇಕು ಎಂಬುದು ನಮ್ಮ ಅಭಿಪ್ರಾಯ, ಆದರೆ ಪೂರ್ತಿ ಅಲ್ಲ. ಮೊದಲ ಕೋರ್ಸನ್ನು ಒಂದು ಸಾಲೂ ಬಿಡದೆ ಮಾಡಿ. ಎರಡನೆಯದರಲ್ಲಿ ಕೊನೆಯ ಎರಡು ವಾರ, ಮೂರನೆಯದರಲ್ಲಿ ಮೊದಲ ವಾರ. ಉಳಿದದ್ದಕ್ಕೆ ಕೊಡುವ ಸಮಯವನ್ನು ಗಣಿತಕ್ಕೆ ಕೊಟ್ಟರೆ ಲಾಭ ಹೆಚ್ಚು.

ಮೊದಲ ಕೋರ್ಸಿನ ಆರಂಭದ ಲ್ಯಾಬ್‌ನಲ್ಲಿ ಎರಡೇ ಎರಡು ಮನೆಗಳಿವೆ: ಸಾವಿರ ಚದರಡಿಯದು 300 ಸಾವಿರ ಡಾಲರ್, ಎರಡು ಸಾವಿರ ಚದರಡಿಯದು 500 ಸಾವಿರ. ಅಳತೆಯನ್ನು ಸಾವಿರ ಚದರಡಿಗಳಲ್ಲಿ ಹಿಡಿದು ಇಳಿಜಾರು 200, ಸ್ಥಿರಾಂಕ 100 ಎಂದು ಕಂಡುಕೊಂಡರೆ 1200 ಚದರಡಿಗೆ 340 ಸಾವಿರ ಬರುತ್ತದೆ. ಎಕ್ಸೆಲ್ ಬಲ್ಲವರಿಗೆ ಇದು ಕೈಗೆ ಒಗ್ಗಿದ ಲೆಕ್ಕ. ಮುಂದೆ ಬರುವ ನಂಪೈ (ಪೈಥಾನ್‌ನ ಗಣಿತ ಲೈಬ್ರರಿ) ಡಾಟ್ ಪ್ರಾಡಕ್ಟ್ ಕೂಡ ಎಕ್ಸೆಲ್‌ನಲ್ಲಿ ದಿನಾ ಬಳಸುವ ಸಮ್‌ಪ್ರಾಡಕ್ಟೇ. ಬಾಂಡ್ ಡ್ಯುರೇಶನ್ ಗೊತ್ತಿದ್ದವರಿಗೆ ಡೆರಿವೇಟಿವ್ ಹೊಸದಲ್ಲ: ಇಳುವರಿ ಚೂರು ಸರಿದರೆ ಬೆಲೆ ಎಷ್ಟು ಸರಿಯುತ್ತದೆ ಎಂದು ಕೇಳುವ ಹಾಗೆಯೇ ಗ್ರೇಡಿಯಂಟ್ ಡಿಸೆಂಟ್ (ತಪ್ಪನ್ನು ಹೆಜ್ಜೆ ಹೆಜ್ಜೆಯಾಗಿ ಇಳಿಸುವ ವಿಧಾನ) ಕೂಡ, ತೂಕ (ಮಾಡೆಲ್‌ನ ಗುಣಾಂಕ) ಚೂರು ಸರಿದರೆ ತಪ್ಪು ಎಷ್ಟು ಸರಿಯುತ್ತದೆ ಎಂದು ಕೇಳುತ್ತದೆ.

ಎರಡನೇ ವಾರದ ಲ್ಯಾಬ್ ಇಡೀ ಸರಣಿಯಲ್ಲೇ ಒಳ್ಳೆಯದು. ಸ್ಕೇಲಿಂಗ್ (ಎಲ್ಲ ಕಾಲಮ್‌ಗಳನ್ನು ಒಂದೇ ಅಳತೆಗೆ ತರುವುದು) ಮಾಡದ ಡೇಟಾದ ಮೇಲೆ ಲರ್ನಿಂಗ್ ರೇಟ್ (ಹೆಜ್ಜೆಯ ಗಾತ್ರ) 0.00000099 ಇಟ್ಟರೂ ಕಾಸ್ಟ್ (ಒಟ್ಟು ತಪ್ಪು) ಇಳಿಯದೆ ಏರುತ್ತಾ ಹೋಗುತ್ತದೆ. ಸರಾಸರಿ ಕಳೆದು ವಿಚಲನೆಯಿಂದ ಭಾಗಿಸಿ ಜೆಡ್-ಸ್ಕೋರ್ ಮಾಡಿದ ಮೇಲೆ 0.1 ಇಟ್ಟರೂ ಸರಾಗವಾಗಿ ಇಳಿಯುತ್ತದೆ. ಸಾಲದ ಡೇಟಾದಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಸೈಕಿಟ್-ಲರ್ನ್‌ನ (ಪೈಥಾನ್‌ನ ಮಷೀನ್ ಲರ್ನಿಂಗ್ ಲೈಬ್ರರಿ) ಲಾಜಿಸ್ಟಿಕ್ ರಿಗ್ರೆಶನ್, ಅಂದರೆ ಹೌದು-ಇಲ್ಲ ಎಂಬುದರ ಸಂಭವ ಹೇಳುವ ಮಾಡೆಲ್, ನಾವು ಕೇಳದಿದ್ದರೂ ರೆಗ್ಯುಲರೈಸೇಶನ್ (ದೊಡ್ಡ ತೂಕಗಳಿಗೆ ದಂಡ) ಹಾಕಿಯೇ ಬರುತ್ತದೆ. ಆದಾಯ ರೂಪಾಯಿಗಳಲ್ಲಿ, ಇಎಂಐ-ಆದಾಯ ಅನುಪಾತ 0ಯಿಂದ 1ರೊಳಗೆ ಇದ್ದರೆ, ಅನುಪಾತಕ್ಕೆ ದೊಡ್ಡ ತೂಕ ಬೇಕಾಗುತ್ತದೆ. ದಂಡ ಬೀಳುವುದು ದೊಡ್ಡ ತೂಕದ ಮೇಲೆಯೇ. ಮುಖ್ಯ ಅಂಶವೇ ಕುಗ್ಗಿಹೋಗುತ್ತದೆ, ಎರರ್ ಮಾತ್ರ ಬರುವುದಿಲ್ಲ. ಇನ್ನೊಂದು ಗೊಂದಲ: ಕೋರ್ಸ್‌ನಲ್ಲಿ ಲ್ಯಾಂಬ್ಡಾ ಹೆಚ್ಚಿಸಿದರೆ ದಂಡ ಹೆಚ್ಚು, ಸೈಕಿಟ್-ಲರ್ನ್‌ನ ‘ಸಿ’ ಹೆಚ್ಚಿಸಿದರೆ ದಂಡ ಕಡಿಮೆ.

ಮೂರನೇ ವಾರದ ಲಾಜಿಸ್ಟಿಕ್ ರಿಗ್ರೆಶನ್ ಫೈನಾನ್ಸ್‌ನವರಿಗೆ ಇಡೀ ಸರಣಿಯ ತಿರುಳು, ಆದರೆ ಉದಾಹರಣೆಗಳು ವಿಶ್ವವಿದ್ಯಾಲಯದ ಪ್ರವೇಶ ಮತ್ತು ಮೈಕ್ರೋಚಿಪ್ ಪರೀಕ್ಷೆಯವು. ಸ್ಕೋರ್‌ಕಾರ್ಡ್‌ಗೆ (ಸಾಲಗಾರನಿಗೆ ಅಂಕ ಕೊಡುವ ಪಟ್ಟಿ) ಬೇಕಾದ ಕೊಂಡಿಯನ್ನು ನಾವೇ ಹಾಕಿಕೊಳ್ಳಬೇಕು. ಮಾಡೆಲ್ ಕೊಡುವುದು ಆಡ್ಸ್‌ನ (ಇಲ್ಲಿ, ಒಂದು ಕೆಟ್ಟ ಸಾಲಕ್ಕೆ ಎಷ್ಟು ಒಳ್ಳೆಯವು ಎಂಬುದರ) ಲಾಗ್. ಪ್ರತಿ 20 ಅಂಕಕ್ಕೆ ಆಡ್ಸ್ ಇಮ್ಮಡಿಯಾಗಬೇಕೆಂದರೆ 20ನ್ನು 2ರ ಸಹಜ ಲಾಗ್‌ನಿಂದ ಭಾಗಿಸಿ: 28.85. 50ಕ್ಕೆ 1ರ ಆಡ್ಸ್‌ಗೆ 600 ಅಂಕ ಎಂದಿಟ್ಟರೆ ಆಫ್‌ಸೆಟ್ (ಕೂಡಿಸುವ ಸ್ಥಿರ ಸಂಖ್ಯೆ) ಸುಮಾರು 487. ಆಗ 600 ಅಂಕದವರ ಡೀಫಾಲ್ಟ್ (ಸಾಲ ಕಟ್ಟದಿರುವ) ಸಂಭವ 51ರಲ್ಲಿ 1, ಅಂದರೆ ಹತ್ತಿರ ಹತ್ತಿರ ಶೇ 2. 580ರವರದು 26ರಲ್ಲಿ 1, ಶೇ 3.85. ಇದನ್ನೊಮ್ಮೆ ಕಾಗದದ ಮೇಲೆ ಬಿಡಿಸಿದವರಿಗೆ ಯಾರೋ ತಂದುಕೊಟ್ಟ ಸ್ಕೋರ್‌ಕಾರ್ಡನ್ನು ಪ್ರಶ್ನಿಸುವ ಧೈರ್ಯ ಬರುತ್ತದೆ.

ಎರಡನೇ ಕೋರ್ಸ್‌ನ ನ್ಯೂರಲ್ ನೆಟ್‌ವರ್ಕ್ ವಾರಗಳನ್ನು ಸದ್ಯಕ್ಕೆ ಬಿಡಬಹುದು. ಮೂರನೇ ವಾರದ ಬಯಾಸ್-ವೇರಿಯನ್ಸ್ ಪಾಠ (ಮಾಡೆಲ್ ತೀರಾ ಸರಳವೋ, ಕಲಿತ ಡೇಟಾಗಷ್ಟೇ ಒಗ್ಗಿದೆಯೋ ಎಂದು ನೋಡುವುದು) ಚೊಕ್ಕವಾಗಿದೆ. ಅಲ್ಲೇ ಪ್ರಿಸಿಶನ್-ರೀಕಾಲ್ (ಕೆಟ್ಟದ್ದೆಂದು ಹೇಳಿದ್ದರಲ್ಲಿ ಎಷ್ಟು ಸರಿ, ನಿಜವಾಗಿ ಕೆಟ್ಟದ್ದರಲ್ಲಿ ಎಷ್ಟು ಸಿಕ್ಕಿತು) ಭಾಗವನ್ನು ಐಚ್ಛಿಕ ಎಂದು ಇಟ್ಟಿದ್ದಾರೆ. ನಮ್ಮವರಿಗೆ ಅದು ಕಡ್ಡಾಯವಾಗಬೇಕಿತ್ತು. ನೂರು ಸಾಲಗಳಲ್ಲಿ ಮೂರು ಕೆಟ್ಟರೆ, ‘ಯಾರೂ ಕೆಡುವುದಿಲ್ಲ’ ಎನ್ನುವ ಮಾಡೆಲ್‌ಗೂ ಶೇ 97 ನಿಖರತೆ ಸಿಗುತ್ತದೆ. ನಾಲ್ಕನೇ ವಾರದಲ್ಲಿ ಬೆಕ್ಕುಗಳ ಉದಾಹರಣೆ, ಅಣಬೆಗಳ ಲ್ಯಾಬ್ ಮೂಲಕ ಡಿಸಿಶನ್ ಟ್ರೀ ಕಲಿಸಿ, ಹಲವು ಟ್ರೀಗಳನ್ನು ಸೇರಿಸುವ ಎಕ್ಸ್‌ಜಿಬೂಸ್ಟ್‌ವರೆಗೆ ಕರೆದೊಯ್ಯುತ್ತಾರೆ. ಆದಾಯ ಹೆಚ್ಚಾದಂತೆ ರಿಸ್ಕ್ ಏರಬಾರದು ಎಂದು ಎಕ್ಸ್‌ಜಿಬೂಸ್ಟ್‌ಗೆ ಮೊದಲೇ ಕಟ್ಟುಪಾಡು ಹಾಕಬಹುದು, ಮಾನೋಟೋನ್ ಕನ್‌ಸ್ಟ್ರೇಂಟ್ ಎಂದು. ಸಾಲ ನಿರಾಕರಿಸಿದ ಕಾರಣವನ್ನು ಗ್ರಾಹಕನಿಗೆ ಹೇಳಬೇಕಾದವರು ಇದನ್ನು ಬೇರೆ ಕಡೆಯಿಂದ ಕಲಿತು ಸೇರಿಸಿಕೊಳ್ಳಬೇಕು.

ಕೋರ್ಸ್ ನಿಜವಾಗಿ ಕೈಬಿಡುವುದು ಕಾಲದ ವಿಷಯದಲ್ಲಿ. ಡೇಟಾವನ್ನು ಕಲೆಸಿ ಕಲಿಕೆ, ಹೋಲಿಕೆ, ಪರೀಕ್ಷೆಗೆಂದು ಶೇ 60, 20, 20 ಪಾಲು ಮಾಡುವುದು ಮನೆ ಬೆಲೆಗಳಿಗೆ ಸರಿ. ಸಾಲಕ್ಕೂ ಷೇರಿಗೂ ಹೀಗೆ ಮಾಡಿದರೆ ನಾಳೆಯ ಮಾಹಿತಿಯಿಂದ ನಿನ್ನೆಯನ್ನು ಊಹಿಸಿದಂತಾಗುತ್ತದೆ. ಹಳೆಯ ತಿಂಗಳುಗಳಲ್ಲಿ ಕಲಿಸಿ ಹೊಸ ತಿಂಗಳುಗಳಲ್ಲಿ ಪರೀಕ್ಷಿಸಬೇಕು. ಸೈಕಿಟ್-ಲರ್ನ್‌ನ ಟೈಮ್‌ಸೀರೀಸ್‌ಸ್ಪ್ಲಿಟ್‌ನಲ್ಲಿ ನಡುವೆ ಅಂತರ ಬಿಡುವ ಸೌಲಭ್ಯವೂ ಇದೆ. ಪ್ರತಿ ಕಾಲಮ್‌ಗೂ ಒಂದು ಪ್ರಶ್ನೆ ಕೇಳಿ: ಅರ್ಜಿ ಹಾಕಿದ ದಿನ ಇದು ಗೊತ್ತಿತ್ತೇ? ‘ವಸೂಲಿಗೆ ಮಾಡಿದ ಕರೆಗಳ ಸಂಖ್ಯೆ’ ಎಂಬ ಕಾಲಮ್ ಒಳಗೆ ನುಸುಳಿದರೆ ಮಾಡೆಲ್ ಅದ್ಭುತವಾಗಿ ಕಾಣುತ್ತದೆ, ಹೊಸ ಅರ್ಜಿಗಳ ಮುಂದೆ ನಿಂತಾಗ ಕುಸಿಯುತ್ತದೆ.

ಕ್ಯಾಲಿಬ್ರೇಶನ್ (ಊಹಿಸಿದ ಸಂಭವ ನಿಜಕ್ಕೆ ಹೊಂದುವಂತೆ ಸರಿಪಡಿಸುವುದು) ಕೂಡ ಇಲ್ಲ, ಅದು ದುಬಾರಿ ಕೊರತೆ. ಕೆಟ್ಟ ಸಾಲಗಳು ಕಡಿಮೆ ಇವೆ ಎಂದು ಕ್ಲಾಸ್ ವೇಟನ್ನು ‘ಬ್ಯಾಲೆನ್ಸ್ಡ್’ ಮಾಡಿ ಅವಕ್ಕೆ ಹೆಚ್ಚು ತೂಕ ಕೊಟ್ಟರೆ, ಡೀಫಾಲ್ಟ್ ಶೇ 3 ಇದ್ದಾಗ ಡೀಫಾಲ್ಟ್‌ನ ಲಾಗ್-ಆಡ್ಸ್ ಸುಮಾರು 3.48ರಷ್ಟು ಮೇಲೇರುತ್ತದೆ, 97ನ್ನು 3ರಿಂದ ಭಾಗಿಸಿ ಲಾಗ್ ತೆಗೆದರೆ ಬರುವ ಸಂಖ್ಯೆ ಅದು. ಸಾಲಗಾರರನ್ನು ಸಾಲಾಗಿ ನಿಲ್ಲಿಸುವುದಷ್ಟೇ ಕೆಲಸವಾದರೆ ತೊಂದರೆಯಿಲ್ಲ. ಅದೇ ಸಂಭವವನ್ನು ಭಾರತದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 109ರ ನಷ್ಟದ ಲೆಕ್ಕಕ್ಕೆ ಹಾಕಿದರೆ ಕೆಲಸ ಕೆಟ್ಟಿತು: 100 ಕೋಟಿ ಸಾಲ, ಮುಳುಗುವ ಪಾಲು ಶೇ 45, ಸಂಭವ ಶೇ 3 ಎಂದರೆ ಮೀಸಲು 1.35 ಕೋಟಿ, ಸಂಭವ ಶೇ 30 ಎಂದು ಉಬ್ಬಿದರೆ 13.5 ಕೋಟಿ. ಲಾಗ್-ಆಡ್ಸ್‌ನಿಂದ 3.48 ಕಳೆದು ಮತ್ತೆ ಸಂಭವಕ್ಕೆ ತಿರುಗಿಸಬೇಕು, ಆಮೇಲೆ ಹತ್ತು ಗುಂಪು ಮಾಡಿ ಊಹೆಯನ್ನೂ ನಿಜವಾದ ಡೀಫಾಲ್ಟನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಮೂರನೇ ಕೋರ್ಸ್‌ನಲ್ಲಿ ಕ್ಲಸ್ಟರಿಂಗ್ (ಹೋಲುವವನ್ನು ಗುಂಪು ಮಾಡುವುದು) ಮತ್ತು ಅನಾಮಲಿ ಡಿಟೆಕ್ಷನ್ (ಅಸಹಜವಾದದ್ದನ್ನು ಹಿಡಿಯುವುದು) ವಂಚನೆ ಪತ್ತೆಗೆ ನೇರವಾಗಿ ಒದಗುತ್ತವೆ. ಸಿನಿಮಾ ಶಿಫಾರಸು, ಚಂದ್ರನ ಮೇಲೆ ನೌಕೆ ಇಳಿಸುವ ಪಾಠ ಆಸಕ್ತಿಗೆ ಬಿಟ್ಟದ್ದು.

ಪೋರ್ಟ್‌ಫೋಲಿಯೊ ಕೆಲಸದವರಿಗೆ ಇಲ್ಲಿನ ಲೀನಿಯರ್ ಆಲ್ಜೀಬ್ರಾ ಸಾಲದು. 500 ಷೇರು, 250 ದಿನಗಳ ರಿಟರ್ನ್ ಹಿಡಿದು ಕೋವೇರಿಯನ್ಸ್ ಮ್ಯಾಟ್ರಿಕ್ಸ್ (ಯಾವ ಷೇರು ಯಾವುದರ ಜೊತೆ ಎಷ್ಟು ಸರಿಯುತ್ತದೆ ಎಂಬ ಕೋಷ್ಟಕ) ಕಟ್ಟಿದರೆ 1,25,250 ಸಂಖ್ಯೆಗಳನ್ನು ಅಂದಾಜು ಮಾಡಬೇಕು. ರ‍್ಯಾಂಕ್ (ಸ್ವತಂತ್ರ ಸಾಲುಗಳ ಸಂಖ್ಯೆ) 249 ದಾಟದು, ಆ ಮ್ಯಾಟ್ರಿಕ್ಸ್‌ಗೆ ಇನ್‌ವರ್ಸ್ ಇರುವುದೇ ಇಲ್ಲ. ಏಕೆ ಎಂದು ತಿಳಿಯಲು ರ‍್ಯಾಂಕ್, ಐಗನ್ ಮೌಲ್ಯ ಬೇಕು. ಐಗನ್ ಮೌಲ್ಯಗಳನ್ನೇ ಆಧರಿಸಿದ ಪಿಸಿಎ ಇಲ್ಲಿ ಐಚ್ಛಿಕ ಪಾಠವಷ್ಟೇ. ಈ ಅಡಿಪಾಯ ಬೇಕೆಂದವರಿಗೆ ಸರ್ಕಾರಿ ಆನ್‌ಲೈನ್ ಪಾಠ ತಾಣ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮದ್ರಾಸ್‌ನ ಬಿ. ರವೀಂದ್ರನ್ ಅವರ 12 ವಾರಗಳ ಮಷೀನ್ ಲರ್ನಿಂಗ್ ಕೋರ್ಸ್ ಹೆಚ್ಚು ಗಟ್ಟಿ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ.

ಆಡಿಟ್, ತೆರಿಗೆ ಕೆಲಸದವರು ಮೊದಲು ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆ) ಮತ್ತು ಪಾಂಡಾಸ್ (ಕೋಷ್ಟಕ ನಿಭಾಯಿಸುವ ಪೈಥಾನ್ ಲೈಬ್ರರಿ) ಕಲಿತರೆ ಬೇಗ ಫಲ ಕಾಣುತ್ತಾರೆ. ಕೋರ್ಸೆರಾ ಶುಲ್ಕ ತಿಂಗಳ ಲೆಕ್ಕದಲ್ಲಿ ಓಡುವುದರಿಂದ ಮಾರ್ಚ್ ಅಂತ್ಯದ ಗಡಿಬಿಡಿಯಲ್ಲಿ ಶುರು ಮಾಡಬೇಡಿ; ಆರ್ಥಿಕ ನೆರವು ಬೇಕಿದ್ದವರು ಹಣ ಕಟ್ಟುವ ಮೊದಲೇ ಅರ್ಜಿ ಹಾಕಿ.