ಉರಿಯುವ ಕೆನ್ನೆಗೆ ಅಜೆಲಾಯಿಕ್ ಆಸಿಡ್ ಜೆಲ್: 16 ವಾರ ಹಚ್ಚಿದ ಮೇಲೆ

ನನ್ನದು ಕಪ್ಪು ಮೈಬಣ್ಣ. ಕೆನ್ನೆ ಕೆಂಪಾದರೂ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ನನಗೆ ಮಾತ್ರ ಒಲೆಯ ಮುಂದೆ ಕುಳಿತಂತೆ ಕಾವು. 42ನೆಯ ವಯಸ್ಸಿನಲ್ಲಿ ಮೂಗಿನ ಅಕ್ಕಪಕ್ಕ ಗುಳ್ಳೆಗಳೆದ್ದಾಗ ಎಲ್ಲರೂ ಮೊಡವೆ ಎಂದರು, ನಾನೂ ನಂಬಿದೆ. ಮನೆಯಲ್ಲಿದ್ದ ಸ್ಟಿರಾಯ್ಡ್ ಮುಲಾಮನ್ನು ಹಚ್ಚಿಕೊಂಡೆ. ನಾಲ್ಕೇ ದಿನದಲ್ಲಿ ಮುಖ ತಣ್ಣಗಾಯಿತು. ಬಿಟ್ಟ ವಾರದಲ್ಲೇ ಮೊದಲಿಗಿಂತ ಹೆಚ್ಚು ಗುಳ್ಳೆ. ಮತ್ತೆ ಹಚ್ಚಿದೆ, ಮತ್ತೆ ಬಿಟ್ಟೆ. ಹೀಗೆ ಐದು ತಿಂಗಳು ಕಳೆದವು. ಆ ಐದು ತಿಂಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಚರ್ಮರೋಗ ತಜ್ಞೆ ಮೊದಲು ಹುಡುಕಿದ್ದು ಮೊಡವೆಯ ಜೊತೆ ಸಾಮಾನ್ಯವಾಗಿ ಇರುವ ಕಪ್ಪು ತಲೆಯ ಚುಕ್ಕೆಗಳನ್ನು. ಒಂದೂ ಸಿಗಲಿಲ್ಲ. “ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಕಿರಿಕಿರಿ ಇದೆಯೇ?” ಎಂದು ಕೇಳಿದರು. ಇತ್ತು. ಅದಕ್ಕೂ ಕೆನ್ನೆಗೂ ನಂಟಿರಬಹುದೆಂದು ನನಗೆ ಎಂದೂ ಹೊಳೆದಿರಲಿಲ್ಲ. ರೊಸೇಸಿಯಾ ಎಂದರು, ಅಂದರೆ ಮುಖ ಕೆಂಪಾಗಿ ಉರಿದು ಗುಳ್ಳೆ ಏಳುವ, ಕಣ್ಣನ್ನೂ ಕಾಡಬಲ್ಲ ಚರ್ಮದ ಕಾಯಿಲೆ. ಸ್ಟಿರಾಯ್ಡ್ ನಿಲ್ಲಿಸಿ, ಶೇ 15ರ ಅಜೆಲಾಯಿಕ್ ಆಸಿಡ್ ಜೆಲ್ ಬರೆದುಕೊಟ್ಟರು.

ಬಿಳಿಯ, ಸ್ವಲ್ಪ ಮಂದವಾದ ಜೆಲ್ ಇದು, ವಾಸನೆಯಿಲ್ಲ. ಬಟಾಣಿ ಕಾಳಿನಷ್ಟು ತೆಗೆದರೆ ಇಡೀ ಮುಖಕ್ಕೆ ಸಾಕು. ದಿನಕ್ಕೆ ಎರಡು ಸಲ. ಅಜೆಲಾಯಿಕ್ ಆಮ್ಲ ಗೋಧಿ, ಬಾರ್ಲಿಯಂತಹ ಧಾನ್ಯಗಳಲ್ಲೂ ಇದೆ ಎಂದು ಓದಿ ಇದು ಮೃದುವಾಗಿಯೇ ಇರುತ್ತದೆ ಎಂದುಕೊಂಡಿದ್ದೆ. ಮೊದಲ ಎರಡು ವಾರ ಹಚ್ಚಿದಾಗಲೆಲ್ಲ ಕೆನ್ನೆಯ ಮೇಲೆ ಇರುವೆ ಹರಿದು ಕಚ್ಚಿದಂತೆ ಚುರುಚುರು. ಹತ್ತು ನಿಮಿಷದಲ್ಲಿ ಇಳಿಯುತ್ತಿತ್ತು. ಮುಖ ತೊಳೆದ ಕೂಡಲೇ ಹಚ್ಚದೆ ಪೂರ್ತಿ ಒಣಗಲು ಬಿಟ್ಟು, ಮೊದಲು ಮಾಯಿಶ್ಚರೈಸರ್ ಸವರಿ ಆಮೇಲೆ ಜೆಲ್ ಹಚ್ಚತೊಡಗಿದ ಮೇಲೆ ಉರಿ ಅರ್ಧಕ್ಕೆ ಇಳಿಯಿತು. ಈ ಹಂತದಲ್ಲೇ ಬಹಳ ಜನ ಟ್ಯೂಬನ್ನು ಮೂಲೆಗೆಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಆದರೆ ಉರಿ ಇಳಿಯದೆ ಚರ್ಮ ಊದಿಕೊಂಡರೆ ನಿಲ್ಲಿಸಿ ವೈದ್ಯರನ್ನು ಕಾಣಿ.

ಆರನೆಯ ವಾರದಲ್ಲಿ ಹೊಸ ಗುಳ್ಳೆ ಏಳುವುದು ಕಡಿಮೆಯಾಯಿತು. 12ನೆಯ ವಾರಕ್ಕೆ ಗಲ್ಲದ ಮೇಲೆ ಎರಡೇ ಉಳಿದಿದ್ದವು. ಗುಳ್ಳೆ ಬಿಟ್ಟುಹೋದ ಕಪ್ಪು ಕಲೆಗಳೂ ತಿಳಿಯಾದವು. ನನ್ನಂಥ ಬಣ್ಣದವರಿಗೆ ಇದು ದೊಡ್ಡ ಸಮಾಧಾನ. ಆದರೂ ಸುತ್ತಲಿನ ಚರ್ಮವೇ ಬಿಳಿಚಿಕೊಳ್ಳುತ್ತಿದೆಯೇ ಎಂದು ಆಗಾಗ ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

ಇದರಿಂದ ಆಗದ್ದನ್ನೂ ಹೇಳಲೇಬೇಕು. ಬಿಸಿಲಿಗೆ ಹೋದರೆ, ಬಿಸಿನೀರಿನಲ್ಲಿ ಮಿಂದರೆ, ಸಿಟ್ಟು ಬಂದರೆ ಮುಖಕ್ಕೆ ಕಾವು ಏರುವುದು ಹಾಗೆಯೇ ಇದೆ. ಮೂಗಿನ ಮೇಲೆ ಎಳೆ ಎಳೆಯಾಗಿ ಕಾಣುವ ರಕ್ತನಾಳಗಳೂ ಹೋಗಿಲ್ಲ. ಅವಕ್ಕೆ ಲೇಸರ್ ಬೇಕು ಎಂದರು. ಕಣ್ಣಿಗೆ ಈ ಜೆಲ್ ಸೋಕಲೇಬಾರದು. ಕಣ್ಣಿನ ಕಿರಿಕಿರಿಗೆ ನೇತ್ರತಜ್ಞರ ಚಿಕಿತ್ಸೆ ಬೇರೆಯೇ ನಡೆದಿದೆ, ಜೊತೆಗೆ ರೆಪ್ಪೆಗಳಿಗೆ ಬೆಚ್ಚನೆಯ ಬಟ್ಟೆಯ ಶಾಖ.

ಸನ್‌ಸ್ಕ್ರೀನ್ ಇಲ್ಲದೆ ಈ ಜೆಲ್ ಒಂದನ್ನೇ ನೆಚ್ಚಿಕೊಂಡರೆ ಪ್ರಯೋಜನ ಕಡಿಮೆ, ಏಕೆಂದರೆ ಬಿಸಿಲೇ ಈ ಕಾಯಿಲೆಯನ್ನು ಕೆರಳಿಸುವ ಮುಖ್ಯ ಕಾರಣಗಳಲ್ಲಿ ಒಂದು. ಜಿಂಕ್ ಆಕ್ಸೈಡ್ ಇರುವುದು ನನಗೆ ಉರಿಯುವುದಿಲ್ಲ, ಆದರೆ ಮುಖಕ್ಕೆ ಬೂದಿ ಬಳಿದಂತೆ ಕಾಣುತ್ತಿತ್ತು. ಐರನ್ ಆಕ್ಸೈಡ್ ಸೇರಿಸಿ ಬಣ್ಣ ಕೊಟ್ಟದ್ದನ್ನು ಹುಡುಕಿದ ಮೇಲೆ ಆ ತೊಂದರೆ ತಪ್ಪಿತು. ಜೆಲ್ ಪೂರ್ತಿ ಒಣಗುವ ಮೊದಲೇ ಸನ್‌ಸ್ಕ್ರೀನ್ ಉಜ್ಜಿದರೆ ಎರಡೂ ಹಿಟ್ಟಿನ ಉಂಡೆಗಳಂತೆ ಸುತ್ತಿಕೊಳ್ಳುತ್ತವೆ.

ರೊಸೇಸಿಯಾ ಹತೋಟಿಗೆ ಬರುತ್ತದೆ, ಬೇರುಸಹಿತ ಹೋಗುವುದಿಲ್ಲ. ವೈದ್ಯರನ್ನು ಕೇಳಿಯೇ ಈಗ ರಾತ್ರಿ ಒಂದೇ ಸಲಕ್ಕೆ ಇಳಿಸಿದ್ದೇನೆ. ಎರಡನೆಯ ಟ್ಯೂಬ್ ಮುಗಿಯುತ್ತಾ ಬಂದಿದೆ, ಮೂರನೆಯದನ್ನು ತಂದಿಟ್ಟುಕೊಂಡಿದ್ದೇನೆ.