ಮರುಭೂಮಿಯಲ್ಲಿ ಮನೆಗೆ ಬೀಗ ಹಾಕುವ ಮುಂಚೆ ಬಚ್ಚಲ ಜಾಲರಿ ನೋಡಿ

ಮರುಭೂಮಿಯ ಊರುಗಳಲ್ಲಿ ಇರುವವರು, ಅದರಲ್ಲೂ ಬೇಸಿಗೆ ರಜೆಗೆ ಮನೆಗೆ ಬೀಗ ಜಡಿದು ಹೋಗುವವರು ಇದನ್ನು ಓದಿ. ನಾನು ಮಾಡಿದ ದಡ್ಡತನ ನೀವು ಮಾಡಬೇಡಿ.

ಎರಡು ತಿಂಗಳ ರಜೆ ಮುಗಿಸಿ ನಡುರಾತ್ರಿ ವಾಪಸ್ ಬಂದೆವು. ಯಾರೂ ಬಳಸದ ಕೊನೆಯ ಕೋಣೆಯಲ್ಲಿ ಪೆಟ್ಟಿಗೆ ಇಟ್ಟು, ಅಲ್ಲಿನ ಬಚ್ಚಲಿನ ಲೈಟ್ ಹಾಕಿದೆ. ಹೆಬ್ಬೆರಳುದ್ದದ ಕೆಂಗಂದು ಜಿರಳೆಗಳು ದಿಕ್ಕಾಪಾಲಾಗಿ ಓಡಿದವು. ಜೊತೆಗೆ ಚರಂಡಿ ನಾತ. "ಮನೆಯಲ್ಲಿ ಒಂದು ಕಾಳೂ ಬಿಟ್ಟು ಹೋಗಿರಲಿಲ್ಲ, ಇವು ತಿಂದಿದ್ದಾದರೂ ಏನ್ರೀ?" ಅಂದಳು ಹೆಂಡತಿ. ಆ ಪ್ರಶ್ನೆಯನ್ನೂ ಆ ನಾತವನ್ನೂ ಅಲ್ಲೇ ಹಿಡಿದಿದ್ದರೆ ಮುಂದಿನದ್ದೇನೂ ಆಗುತ್ತಿರಲಿಲ್ಲ.

ಬೆಳಗ್ಗೆ ಎದ್ದವನೇ ಫಾಗರ್ ಡಬ್ಬಿ ತಂದೆ. ಒತ್ತಿ ನೆಲದ ಮೇಲಿಟ್ಟು ಹೊರಗೆ ಹೋದರೆ ತಾನಾಗಿ ಹೊಗೆ ಉಗುಳುತ್ತದಲ್ಲ, ಅದು. ಒಂದು ಇಡಬೇಕಾದಲ್ಲಿ ಮೂರು ಇಟ್ಟೆ. ಪುಣ್ಯಕ್ಕೆ ಒಲೆ ಆರಿತ್ತು. ಡಬ್ಬಿಯೊಳಗಿನ ಅನಿಲಕ್ಕೆ ಬೆಂಕಿ ತಾಗಿದರೆ ಮನೆಯೇ ಸಿಡಿಯಬಹುದು ಅನ್ನುವುದನ್ನು ಹಿಂಬದಿಯ ಇರುವೆಕಾಲಿನಂಥ ಅಕ್ಷರದಲ್ಲಿ ಆಮೇಲೆ ಓದಿದೆ.

ಸಂಜೆ ನೋಡಿದರೆ ಸತ್ತಿದ್ದು ಏಳು. ಪಾತ್ರೆ, ಮೇಜು, ಮಗನ ಆಟಿಕೆ ಎಲ್ಲದರ ಮೇಲೂ ಜಿಡ್ಡು. ಮಗ ಎರಡು ದಿನ ಕೆಮ್ಮಿದ. ಬಚ್ಚಲಲ್ಲಿದ್ದ ಜಿರಳೆಗಳು ಈಗ ಮಲಗುವ ಕೋಣೆಗೂ ಬಂದವು. ಫಾಗರ್ ಔಷಧ ಗಾಳಿಗೆ ಎದ್ದು ಕೆಳಗೆ ಕೂರುತ್ತದೆ ಅಷ್ಟೆ, ಜಿರಳೆ ಅಡಗುವ ಸಂದಿಗೆ ಸರಿಯಾಗಿ ಇಳಿಯುವುದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯವರು ಜನ ವಾಸವಿದ್ದ ಮನೆಗಳಲ್ಲೇ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಫಾಗರ್ ಇಟ್ಟಲ್ಲಿ ಜಿರಳೆ ಕಡಿಮೆಯಾಗಲಿಲ್ಲ, ವಿಷ ಮಾತ್ರ ನೆಲ, ಕಟ್ಟೆಗಳ ಮೇಲೆ ಉಳಿಯಿತು. ಜಿರಳೆ ತಿಂದು ಸಾಯುವ ವಿಷದ ಜೆಲ್ ಇಟ್ಟ ಮನೆಗಳಲ್ಲಿ ಕಡಿಮೆಯಾಯಿತು. ಅವರು ನೋಡಿದ್ದು ಅಡುಗೆಮನೆಯ ಸಣ್ಣ ಜಾತಿ, ನಮ್ಮಲ್ಲಿದ್ದದ್ದು ಚರಂಡಿಯ ದೊಡ್ಡದು. ಆದರೂ ನನ್ನ ಮೂರು ಡಬ್ಬಿಯ ಗತಿ ಅದೇ ಆಯಿತು.

ಹತ್ತನೇ ದಿನ ನಸುಕಿನಲ್ಲಿ ಮಂಚದ ಕೆಳಗಿನ ಚಪ್ಪಲಿಗೆ ಕಾಲು ತೂರಿಸಿದೆ. ಕೆಂಡ ಒತ್ತಿದ ಹಾಗಾಯಿತು, ಮೊಣಕಾಲಿನವರೆಗೂ ಜುಮ್ಮೆಂದಿತು. ಹುಲ್ಲಿನ ಬಣ್ಣದ ಸಣ್ಣ ಚೇಳು. ಜಿರಳೆ ಅದಕ್ಕೆ ಊಟ, ಊಟ ಇದ್ದಲ್ಲಿಗೆ ಅದು ಬಂದಿತ್ತು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದೆ. ಕುಟುಕಿದ ಜಾಗವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ತೊಳೆದು, ತಣ್ಣನೆ ಬಟ್ಟೆ ಇಟ್ಟು ಹೊರಡಿ. ಕುಟುಕಿದ್ದು ಮಗುವಿಗಾದರೆ ಒಂದು ನಿಮಿಷವೂ ಕಾಯಬೇಡಿ.

ಕಾರಣ ಹೇಳಿದ್ದು ಬೇರೇನೋ ರಿಪೇರಿಗೆ ಬಂದಿದ್ದ ಪ್ಲಂಬರ್. ಮೂಗು ಸಿಂಡರಿಸಿ, ಆ ಬಚ್ಚಲ ಜಾಲರಿ ಎತ್ತಿ, ಫೋನಿನ ಬೆಳಕು ಬಿಟ್ಟು, "ನೋಡಿ ಸಾರ್" ಅಂದ. ಕೊಳವೆಯ ಬಾಗಿನಲ್ಲಿ ಹನಿ ನೀರಿಲ್ಲ, ಬಿಳಿ ಉಪ್ಪಿನ ಹಕ್ಕಳೆ ಮಾತ್ರ. ಆ ಬಾಗಿನಲ್ಲಿ ನಿಲ್ಲುವ ನೀರೇ ಮನೆಗೂ ಚರಂಡಿಗೂ ನಡುವಿನ ಮುಚ್ಚಳ. ಮರುಭೂಮಿಯ ಒಣ ಗಾಳಿ ಅದನ್ನು ಹೀರಿಬಿಟ್ಟಿತ್ತು. ನಾವು ಮುಂಬಾಗಿಲಿಗೆ ಎರಡು ಬೀಗ ಹಾಕಿ, ಚರಂಡಿಯ ಬಾಗಿಲು ತೆರೆದಿಟ್ಟು ಹೋಗಿದ್ದೆವು. ಅವನು ಎರಡು ಚೊಂಬು ನೀರು ಸುರಿದ. ನಾತ ಅವತ್ತೇ ನಿಂತಿತು.

ಈಗ ಬಳಸದ ಬಚ್ಚಲಿಗೂ ವಾರಕ್ಕೊಮ್ಮೆ ಒಂದು ಚೊಂಬು ನೀರು. ಊರಿಗೆ ಹೋಗುವಾಗ ನೀರಿನ ಮೇಲೆ ಸ್ವಲ್ಪ ಮಿನರಲ್ ಆಯಿಲ್ ಬಿಟ್ಟು (ನೀರು ಬೇಗ ಆರುವುದಿಲ್ಲ), ಜಾಲರಿಗೆ ದಪ್ಪ ಪ್ಲಾಸ್ಟಿಕ್ ಅಂಟಿಸುತ್ತೇನೆ. ಎಸಿ ನೀರು ಗೋಡೆ ಬುಡಕ್ಕೆ ತೊಟ್ಟಿಕ್ಕುತ್ತಿತ್ತು, ಪೈಪ್ ದೂರಕ್ಕೆ ಎಳೆಸಿದೆ. ಬಾಯಾರಿದ ನೆಲದಲ್ಲಿ ಹುಳುಗಳಿಗೆ ಅಷ್ಟೇ ಸಾಕು. ಬಾಗಿಲ ಕೆಳಗೆ ಬೆಳಕು ಕಾಣುತ್ತಿದ್ದ ಕಡೆ ರಬ್ಬರ್ ಪಟ್ಟಿ ಹೊಡೆಸಿದೆ. ಜಿರಳೆಗೆ ಸಂದಿಗಳಲ್ಲಿ ಜೆಲ್ ಚುಕ್ಕೆ. ಜೆಲ್ ಇಟ್ಟ ಹತ್ತಿರ ಸ್ಪ್ರೇ ಹೊಡೆಯಬೇಡಿ, ಆ ವಾಸನೆಗೆ ಜಿರಳೆ ಜೆಲ್ ಮುಟ್ಟುವುದಿಲ್ಲ.

ಇನ್ನೊಂದು ಮಾತು. ಔಷಧ ಹೊಡೆಯಲು ಬಂದವನೊಬ್ಬ "ಮಾತ್ರೆ ಇಟ್ಟರೆ ಒಂದೇ ರಾತ್ರಿಗೆ ಎಲ್ಲ ಖಾಲಿ" ಅಂತ ಅಲ್ಯೂಮಿನಿಯಂ ಫಾಸ್ಫೈಡ್ ಬಾಟ್ಲಿ ತೆಗೆದ. ಗೋದಾಮಿನ ಧಾನ್ಯಕ್ಕೆ ಇಡುವಂಥದ್ದು. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಗೋಡೆಯ ಬಿರುಕು, ಕೊಳವೆಗಳ ಸಂದಿ ದಾಟಿ ಪಕ್ಕದ ಮನೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು, ಅದಕ್ಕೆ ಪ್ರತಿವಿಷವೂ ಇಲ್ಲ. ಅವನನ್ನು ಬಾಗಿಲಲ್ಲೇ ವಾಪಸ್ ಕಳಿಸಿದೆ. ಇದರಲ್ಲಿ ದಾಕ್ಷಿಣ್ಯ ಇಟ್ಟುಕೊಳ್ಳಬೇಡಿ. ಪಕ್ಕದ ಮನೆಯಲ್ಲಿ ಇಡುತ್ತಾರೆಂದು ಕಿವಿಗೆ ಬಿದ್ದರೂ ಮಕ್ಕಳನ್ನು ಎತ್ತಿಕೊಂಡು ಹೊರಗೆ ಬಂದು ದೂರು ಕೊಡಿ.

ಚೇಳಿಗೆ ಮಾತ್ರ ನೇರಳೆ ಬೆಳಕಿನ ಯುವಿ ಟಾರ್ಚ್ ಇಟ್ಟುಕೊಂಡಿದ್ದೇನೆ. ಕತ್ತಲಲ್ಲಿ ಅದರ ಬೆಳಕು ಬಿದ್ದರೆ ಚೇಳಿನ ಮೈ ಹಸಿರಾಗಿ ಹೊಳೆಯುತ್ತದೆ. ಮೊನ್ನೆ ರಾತ್ರಿ ಮನೆ ಸುತ್ತ ಒಂದು ಸುತ್ತು ಹಾಕಿದಾಗ ಕಂಡಿದ್ದು ಒಂದೇ, ಅದೂ ಕಾಂಪೌಂಡ್ ಗೋಡೆಯ ಆಚೆ.